ಅಂತಸ್ತಿನ ಮನೆಯಲ್ಲಿ ವೈಫೈ ಅಲೆಗಳ ಸಮ ಹಂಚಿಕೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಗುಡಗೇರಿ ಎರೆ ಭೂಮಿಯ ಊರು. ಹತ್ತಿ, ಮೆಣಸಿನಕಾಯಿ, ಶೇಂಗಾ, ಗೋವಿನಜೋಳ, ಹಿಂಗಾರಿ ಜೋಳ, ಕಡಲೆ ಈ ಭಾಗದ ಮುಖ್ಯ ಬೆಳೆಗಳು. ಹುಬ್ಬಳ್ಳಿ-ಹಾವೇರಿ ರೈಲು ಮಾರ್ಗದ ಮೇಲಿರುವ ಈ ಊರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಗಳ ಸ್ವರೂಪ ಬದಲಾಗುತ್ತಿದೆ. ದಪ್ಪನೆಯ ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಇವು ಹಿಂದಿನವರ ಮನೆಗಳು. ಈಗ ಅನೇಕರು ಮುಂಭಾಗವನ್ನು ತೆಗೆದು ಸಿಮೆಂಟಿನಲ್ಲಿ ಎರಡು ಮೂರು ಅಂತಸ್ತು ಕಟ್ಟಿ, ಹಿಂಭಾಗದ ಹಳೆಯ ಮನೆಯನ್ನು ಅಡಿಗೆ, ಕಾಳುಕಡಿ ಮತ್ತು ದನಕರುಗಳಿಗಾಗಿ ಉಳಿಸಿಕೊಳ್ಳುತ್ತಾರೆ.

ಇಂಥ ಮನೆಗೆ ಫೈಬರ್ ಕೇಬಲಿನ ಮೂಲಕ ಇಂಟರ್‌ನೆಟ್ ಬಂದಾಗ ಒಂದು ತೊಂದರೆ ತಪ್ಪದೆ ಕಂಡುಬರುತ್ತದೆ. ಪಡಸಾಲೆಯಲ್ಲಿ ವೈಫೈ ಚೆನ್ನಾಗಿರುತ್ತದೆ. ಮೇಲಿನ ಅಂತಸ್ತಿನಲ್ಲಿ ಓದುವ ಮಕ್ಕಳಿಗೂ ಹಿಂದಿನ ಕೋಣೆಯಲ್ಲಿರುವ ಹಿರಿಯರಿಗೂ ಅದು ದಕ್ಕುವುದಿಲ್ಲ. ಇದನ್ನು ಕೇವಲ ಮನರಂಜನೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ವಿವರವನ್ನು ರೈತರೇ ಮೊಬೈಲಿನಿಂದ ಕಳಿಸುವ ವ್ಯವಸ್ಥೆ ಬಂದಿದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು, ಕೊಯ್ದು ಹರವಿದ ಬೆಳೆ ಮಳೆಗೆ ಸಿಗುವುದು ಇಂಥ ಹಾನಿಗಳನ್ನು 72 ಗಂಟೆಗಳೊಳಗೆ ತಿಳಿಸಬೇಕು. ಹವಾಮಾನ ಆಧಾರಿತ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಬೀಳುತ್ತದೆ. 2019ರಲ್ಲಿ ಬಂದ 'ಮೇಘದೂತ' ಆ್ಯಪ್ ಅದನ್ನು ಮೊಬೈಲಿಗೆ ತಲುಪಿಸುತ್ತದೆ. ಕಣದಲ್ಲಿ ಮೆಣಸಿನಕಾಯಿ ಹರವಿದ ದಿನ ಮಳೆಯ ಮುನ್ಸೂಚನೆ ಪಡಸಾಲೆಯಲ್ಲಿ ಉಳಿದು, ಹಣ್ಣು ನೋಡಿಕೊಳ್ಳುವವರ ಕೈಗೆ ಬಾರದಿದ್ದರೆ ಆಗುವ ನಷ್ಟವನ್ನು ರೈತರಿಗೆ ಹೇಳಬೇಕಾಗಿಲ್ಲ.

ಈ ತೊಂದರೆಗೆ ಹೆಚ್ಚಿನವರು ಮಾಡುವ ಉಪಾಯವೆಂದರೆ ಇನ್ನೂ ದೊಡ್ಡ, ಇನ್ನೂ ಹೆಚ್ಚು ಕಡ್ಡಿಗಳಿರುವ ರೌಟರ್ ಕೊಳ್ಳುವುದು. ಇದರಿಂದ ಸಾಮಾನ್ಯವಾಗಿ ಹಣ ಖರ್ಚಾಗುತ್ತದೆ, ತೊಂದರೆ ಉಳಿಯುತ್ತದೆ. ಹೊಲದ ತಲೆಗಿರುವ ಬಾವಿಯಿಂದ ಬರಿ ಹರಿಯಲ್ಲಿ ನೀರು ಬಿಟ್ಟರೆ ಮೇಲಿನ ಮಡಿ ತುಂಬಿ ತುಳುಕಿದರೂ ಕೊನೆಯ ಮಡಿ ಒಣಗಿಯೇ ಇರುತ್ತದೆ. ಕೊನೆಯ ಮಡಿ ನೆನೆಯಬೇಕಾದರೆ ಪೈಪು ಹಾಕಿ ನೀರನ್ನು ಅಲ್ಲಿಗೇ ಒಯ್ದು ಬಿಡಬೇಕು. ವೈಫೈಗೂ ಇದೇ ಕ್ರಮ ಅನ್ವಯಿಸುತ್ತದೆ. ಅದರ ಕಾರಣವನ್ನೂ ವಿಧಾನವನ್ನೂ ಇಲ್ಲಿ ವಿವರಿಸಲಾಗಿದೆ.

ಅಲೆಗಳ ಸ್ವಭಾವ

ವೈಫೈ ಎಂಬುದು ರೇಡಿಯೋ ಅಲೆ. ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಅಲೆಗಳು ಬಳಕೆಯಲ್ಲಿವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದು ಸುಮಾರು 5ರಿಂದ 6 ಸೆಂಟಿಮೀಟರ್. ಉದ್ದನೆಯ ಅಲೆ ಗೋಡೆಯನ್ನು ದಾಟುವುದರಲ್ಲಿ ಮೇಲು, ಆದರೆ ವೇಗ ಕಡಿಮೆ. ಗಿಡ್ಡ ಅಲೆ ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಆದುದರಿಂದ ಒಂದೇ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಉತ್ತಮ, ಗೋಡೆಯಾಚೆಗೆ 2.4 ಗಿಗಾಹರ್ಟ್ಸ್ ಆಸರೆ.

ಅಲೆಯ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಅಂಕಿ ಸೊನ್ನೆಗಿಂತ ಕೆಳಗಿರುತ್ತದೆ. ರೌಟರಿನ ಹತ್ತಿರ -40 ಇದ್ದರೆ ದೂರ ಹೋದಂತೆ -60, -70, -80 ಎಂದು ಇಳಿಯುತ್ತದೆ. -60ರವರೆಗೆ ಉತ್ತಮ. -67ರವರೆಗೆ ಮುಖ ನೋಡಿ ಮಾತನಾಡುವ ಕರೆಗೂ ಮಕ್ಕಳ ಪಾಠಕ್ಕೂ ತೊಂದರೆಯಿಲ್ಲ. -70ರ ಕೆಳಗೆ ತಡೆತಡೆದು ನಡೆಯುತ್ತದೆ. -80ರ ಕೆಳಗೆ ಮೊಬೈಲಿನಲ್ಲಿ ವೈಫೈ ಹೆಸರು ಕಾಣಿಸಿದರೂ ಕೆಲಸ ನಡೆಯುವುದಿಲ್ಲ. ಈ ಲೆಕ್ಕದಲ್ಲಿ 3 ಡೆಸಿಬೆಲ್ ಇಳಿದರೆ ಬಲ ಅರ್ಧವಾಯಿತೆಂದೂ, 10 ಇಳಿದರೆ ಹತ್ತರಲ್ಲಿ ಒಂದು ಪಾಲು, 20 ಇಳಿದರೆ ನೂರರಲ್ಲಿ ಒಂದು ಪಾಲು ಉಳಿಯಿತೆಂದೂ ತಿಳಿಯಬೇಕು. ಅಡ್ಡಿಯಿಲ್ಲದ ಬಯಲಿನಲ್ಲಿಯೂ ದೂರ ಇಮ್ಮಡಿಯಾದಾಗ 6 ಡೆಸಿಬೆಲ್ ಕಡಿಮೆಯಾಗುತ್ತದೆ.

ಇನ್ನೊಂದು ಅಂಶವನ್ನು ಅನೇಕರು ಮರೆಯುತ್ತಾರೆ. ವೈಫೈ ಎರಡೂ ಕಡೆಯ ಮಾತುಕತೆ. ರೌಟರ್ ಕೂಗಿದ್ದು ಮೊಬೈಲಿಗೆ ಕೇಳಿಸಿದರೆ ಸಾಲದು, ಮೊಬೈಲು ಹೇಳಿದ್ದು ರೌಟರಿಗೂ ಕೇಳಿಸಬೇಕು. ಚಿಕ್ಕ ಬ್ಯಾಟರಿಯ ಮೇಲೆ ನಡೆಯುವ ಮೊಬೈಲಿನ ದನಿ ರೌಟರಿನ ದನಿಗಿಂತ ಸಣ್ಣದು. ದೊಡ್ಡ ರೌಟರ್ ಕೊಂಡರೆ ಮೊಬೈಲಿನ ದನಿ ದೊಡ್ಡದಾಗುವುದಿಲ್ಲ. ಮೇಲಂತಸ್ತಿನಲ್ಲಿ ಎಲ್ಲ ಕಡ್ಡಿಗಳೂ ಕಾಣಿಸುತ್ತಿದ್ದು ಚಿತ್ರ ಮಾತ್ರ ಕಳಿಸಲು ಬಾರದಿರುವುದಕ್ಕೆ ಇದೂ ಒಂದು ಕಾರಣ.

ಗೋಡೆ ಮತ್ತು ಮಾಳಿಗೆಯಿಂದ ಆಗುವ ನಷ್ಟ

ಅಲೆ ಗೋಡೆಯನ್ನು ದಾಟುವಾಗ ಆಗುವ ನಷ್ಟ ಗೋಡೆಯ ದಪ್ಪ, ಅದರಲ್ಲಿರುವ ಕಬ್ಬಿಣ ಮತ್ತು ತೇವವನ್ನು ಅವಲಂಬಿಸಿದೆ. ಕೆಳಗಿನ ಅಂಕಿಗಳು 2.4 ಗಿಗಾಹರ್ಟ್ಸ್ ಅಲೆಗೆ ಸಂಬಂಧಿಸಿದ ಅಂದಾಜುಗಳು. 5 ಗಿಗಾಹರ್ಟ್ಸ್ ಅಲೆಗೆ ನಷ್ಟ ಇದಕ್ಕಿಂತ ಹೆಚ್ಚು.

ಕಟ್ಟಿಗೆಯ ಬಾಗಿಲು: 3ರಿಂದ 4 ಡೆಸಿಬೆಲ್
9 ಇಂಚಿನ ಇಟ್ಟಿಗೆ ಗೋಡೆ: 6ರಿಂದ 10 ಡೆಸಿಬೆಲ್
5-6 ಇಂಚಿನ ಕಾಂಕ್ರೀಟ್ ಸ್ಲ್ಯಾಬ್: 10ರಿಂದ 20 ಡೆಸಿಬೆಲ್
ಎರಡು ಅಡಿಯ ಮಣ್ಣು-ಕಲ್ಲಿನ ಗೋಡೆ: 20 ಡೆಸಿಬೆಲ್ ಅಥವಾ ಹೆಚ್ಚು
ತಗಡು, ಕಬ್ಬಿಣದ ಕಪಾಟು, ಉಕ್ಕಿನ ಕಣಜ: ಅಲೆ ಬಹುಪಾಲು ಹಿಂದಕ್ಕೆ ಹೊರಳುತ್ತದೆ

ಸ್ಲ್ಯಾಬಿನಲ್ಲಿರುವ ಕಬ್ಬಿಣದ ಸರಳುಗಳ ಬಲೆಯೂ ಅಲೆಯನ್ನು ತಡೆಯುತ್ತದೆ. ನೀರು ಅಲೆಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ಬೇಸಿಗೆಯಲ್ಲಿ ಹಿಂದಿನ ಕೋಣೆಗೆ ಹೇಗೋ ತಲುಪುತ್ತಿದ್ದ ವೈಫೈ, ಮಣ್ಣಿನ ಗೋಡೆಗಳು ಮಳೆಗೆ ತೇವಗೊಂಡಾಗ ತಲುಪದೆ ಹೋಗಬಹುದು. ಮನೆಯ ಮೇಲಿನ ನೀರಿನ ಟಾಕಿ, ಸಾಲಾಗಿ ಒಟ್ಟಿದ ಹಸಿ ಕಾಳಿನ ಚೀಲಗಳು ಕೂಡ ಅಡ್ಡಿಯೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನೆಲ ಅಂತಸ್ತಿನ ಮುಂದಿನ ಕೋಣೆಯಲ್ಲಿ ರೌಟರ್ ಇದೆ, 10 ಅಡಿ ದೂರದಲ್ಲಿ ಬಲ -40 ಇದೆ ಎಂದಿಟ್ಟುಕೊಳ್ಳೋಣ. ನೇರ ಮೇಲಿನ ಕೋಣೆಗೆ ಒಂದು ಸ್ಲ್ಯಾಬಿನ ನಷ್ಟ 15 ಕಳೆದರೆ -55 ಉಳಿಯುತ್ತದೆ, ಚೆನ್ನಾಗಿದೆ. ಅದೇ ಅಂತಸ್ತಿನ ಹಿಂದಿನ ಕೋಣೆಗೆ 20 ಅಡಿ ದೂರವಾದುದರಿಂದ 6, ಸ್ಲ್ಯಾಬಿಗೆ 15, ಇಟ್ಟಿಗೆ ಗೋಡೆಗೆ 8 ಕಳೆದು -69 ಆಗುತ್ತದೆ; ಇದು ಅಂಚಿನ ಸ್ಥಿತಿ. ಎರಡನೆಯ ಅಂತಸ್ತಿನ ಹಿಂದಿನ ಕೋಣೆಗೆ ದೂರ 30 ಅಡಿ, ಸ್ಲ್ಯಾಬು ಎರಡು, ಗೋಡೆ ಒಂದು. -88ರ ಸುಮಾರಿಗೆ ಇಳಿಯುತ್ತದೆ. ಮಕ್ಕಳು ಶಾಂತವಾಗಿ ಓದಲೆಂದು ಕೊಟ್ಟ ಕೋಣೆ ಹೆಚ್ಚಾಗಿ ಅದೇ ಆಗಿರುತ್ತದೆ. ಇಲ್ಲಿ ಬೇಕಾದದ್ದು 20 ಡೆಸಿಬೆಲ್, ಎಂದರೆ ನೂರು ಪಟ್ಟು ಹೆಚ್ಚು ಬಲ. ಯಾವ ದುಬಾರಿ ರೌಟರೂ ಅದನ್ನು ಕೊಡಲಾರದು.

ಮೊದಲು ಪರೀಕ್ಷೆ, ನಂತರ ಖರೀದಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಎಷ್ಟು ತಪ್ಪೋ, ಮನೆ ಪರೀಕ್ಷಿಸದೆ ಪೆಟ್ಟಿಗೆ ಕೊಳ್ಳುವುದೂ ಅಷ್ಟೇ ತಪ್ಪು. ಪರೀಕ್ಷೆಯನ್ನು ಎರಡು ಹಂತಗಳಲ್ಲಿ ಮಾಡಬೇಕು.

ಮೊದಲ ಹಂತದಲ್ಲಿ ರೌಟರಿನ ಪಕ್ಕದಲ್ಲಿ ನಿಂತು, ಮನೆಯಲ್ಲಿ ಬೇರೆ ಯಾರೂ ಬಳಸದಿರುವಾಗ, ಇಂಟರ್‌ನೆಟ್ಟಿನ ವೇಗವನ್ನು ನೋಡಬೇಕು. ಸಾಧ್ಯವಿದ್ದರೆ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ನೋಡುವುದು ಇನ್ನೂ ಒಳ್ಳೆಯದು. ಇಲ್ಲಿಯೇ ವೇಗ ಕಡಿಮೆಯಿದ್ದರೆ ದೋಷ ಮನೆಗೆ ಬರುವ ಮಾರ್ಗದಲ್ಲಿದೆ. ಸಂಪರ್ಕ ಕೊಟ್ಟವರಿಗೆ ತಿಳಿಸಬೇಕು. ಇಲ್ಲಿ ಸರಿಯಾಗಿದ್ದು ಮೇಲೆ ಕಡಿಮೆಯಾದರೆ ಮಾತ್ರ ದೋಷ ಮನೆಯ ಹಂಚಿಕೆಯಲ್ಲಿದೆ.

ಎರಡನೆಯ ಹಂತದಲ್ಲಿ ಹಾಳೆಯ ಮೇಲೆ ಪ್ರತಿ ಅಂತಸ್ತಿನ ನಕ್ಷೆ ಬರೆದುಕೊಳ್ಳಬೇಕು. ಅಲೆಯ ಬಲವನ್ನು ಡಿಬಿಎಂನಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೆ ದೊರೆಯುತ್ತವೆ. ಪ್ರತಿ ಕೋಣೆಯಲ್ಲಿ ಜನ ನಿಜವಾಗಿ ಕುಳಿತುಕೊಳ್ಳುವ ಜಾಗದಲ್ಲಿ ಅರ್ಧ ನಿಮಿಷ ನಿಂತು, ಬಾಗಿಲು ಮುಚ್ಚಿ, ಅಂಕಿಯನ್ನು ನಕ್ಷೆಯ ಮೇಲೆ ಬರೆಯಬೇಕು. ಎರಡೂ ಅಲೆಗಳಿಗೆ ಬೇರೆ ಬೇರೆಯಾಗಿ ಬರೆಯುವುದು ಸೂಕ್ತ. ಒಂದು ಗಂಟೆಯ ಈ ಕೆಲಸ ಮುಗಿದಾಗ -67ರ ಕೆಳಗಿನ ಕೋಣೆಗಳು ಯಾವುವೆಂಬುದು ಕಣ್ಣಿಗೆ ಕಾಣುತ್ತದೆ.

ರೌಟರ್ ಇಡುವ ಜಾಗ

ಫೈಬರ್ ಜೋಡಿಸಲು ಬಂದವರು ಕೆಲಸ ಬೇಗ ಮುಗಿಯಲೆಂದು ಕೇಬಲು ಒಳಬಂದ ಕಿಟಕಿಯ ಬಳಿಯೇ ಪೆಟ್ಟಿಗೆಯನ್ನು ಬಡಿಯುವುದುಂಟು. ಇದರಿಂದ ಅಲೆಯ ಅರ್ಧ ಭಾಗ ಓಣಿಗೆ ಹೋಗುತ್ತದೆ. ಜೋಡಣೆಯ ದಿನವೇ ಕೇಬಲನ್ನು ಮನೆಯ ನಡುಭಾಗಕ್ಕೆ, ಸಾಧ್ಯವಾದರೆ ಮೆಟ್ಟಿಲಿನ ಬಳಿಗೆ ತರಲು ಕೇಳಿಕೊಳ್ಳಬೇಕು. ಮೆಟ್ಟಿಲಿನ ಜಾಗದಲ್ಲಿ ಸ್ಲ್ಯಾಬು ತೆರೆದಿರುವುದರಿಂದ ಅಲೆ ಅಲ್ಲಿಂದ ಮೇಲೇರುತ್ತದೆ. ಮೂರು ಅಂತಸ್ತಿನ ಮನೆಗೆ ಒಂದೇ ರೌಟರ್ ಇಡುವುದಾದರೆ ನಡುವಿನ ಅಂತಸ್ತು ಉತ್ತಮ.

ರೌಟರನ್ನು ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಬೇಕು. ಗೋಡೆಯ ಮಾಡದೊಳಗೆ, ಕಬ್ಬಿಣದ ಕಪಾಟಿನ ಪಕ್ಕದಲ್ಲಿ, ಟಿವಿಯ ಹಿಂದೆ ಇಡಬಾರದು. ಕಡ್ಡಿಯಂಥ ಆಂಟೆನಾದಿಂದ ಅಲೆ ಪಕ್ಕಕ್ಕೆ ಹರಡುತ್ತದೆಯೇ ಹೊರತು ಅದರ ತುದಿಯ ದಿಕ್ಕಿಗೆ ಹೆಚ್ಚು ಹೋಗುವುದಿಲ್ಲ. ಎಲ್ಲ ಕಡ್ಡಿಗಳನ್ನೂ ನೆಟ್ಟಗೆ ನಿಲ್ಲಿಸಿದರೆ ಅದೇ ಅಂತಸ್ತಿಗೆ ಅನುಕೂಲ. ಒಂದು ಕಡ್ಡಿಯನ್ನು ಅಡ್ಡ ಮಲಗಿಸಿದರೆ ಮೇಲಿನ ಮತ್ತು ಕೆಳಗಿನ ಅಂತಸ್ತಿಗೂ ಪಾಲು ಸಿಗುತ್ತದೆ. ತಗಡಿನ ಛಾವಣಿಯ ಕೆಳಗೆ ಬೇಸಿಗೆಯ ಸೆಕೆಗೆ ಪೆಟ್ಟಿಗೆ ಬಿಸಿಯಾಗಿ ಕೆಡುವ ಸಂಭವವಿರುವುದರಿಂದ ಅಂಥ ಜಾಗವನ್ನು ಬಿಡಬೇಕು.

ಎರಡು ಅಂತಸ್ತಿನ ಚಿಕ್ಕ ಮನೆಗೆ ಇಷ್ಟೇ ಸಾಕಾಗಬಹುದು. ಜಾಗ ಬದಲಿಸಿದ ಮೇಲೆ ಮತ್ತೊಮ್ಮೆ ಅಳೆದು ನೋಡಬೇಕು.

ಅಂತಸ್ತಿಗೊಂದು ಮೂಲ, ಮೂಲಕ್ಕೊಂದು ತಂತಿ

ಜಾಗ ಬದಲಿಸಿದರೂ ಕೆಲವು ಕೋಣೆಗಳು -67ರ ಕೆಳಗೇ ಉಳಿದರೆ, ಖಚಿತವಾದ ಪರಿಹಾರವೆಂದರೆ ಅಲೆಯಿಂದ ಸ್ಲ್ಯಾಬು ದಾಟಿಸುವ ಪ್ರಯತ್ನವನ್ನೇ ಬಿಡುವುದು. ಸ್ಲ್ಯಾಬನ್ನು ತಂತಿ ದಾಟಲಿ, ಕೋಣೆಯನ್ನು ಅಲೆ ತುಂಬಲಿ. ರೌಟರಿನ ಹಿಂಬದಿಯ ಕಿಂಡಿಯಿಂದ ಪ್ರತಿ ಅಂತಸ್ತಿಗೆ ಒಂದು ನೆಟ್‌ವರ್ಕ್ ಕೇಬಲು ಎಳೆದು, ಅದರ ತುದಿಗೆ 'ಆಕ್ಸೆಸ್ ಪಾಯಿಂಟ್' ಎಂಬ ಚಿಕ್ಕ ಪೆಟ್ಟಿಗೆಯನ್ನು ಜೋಡಿಸಬೇಕು. ಹಳೆಯ ರೌಟರ್ ಮನೆಯಲ್ಲಿದ್ದರೆ ಅದನ್ನೇ ಈ ಕೆಲಸಕ್ಕೆ ಬಳಸಬಹುದು.

ಕೇಬಲು 'ಕ್ಯಾಟ್ 6' ದರ್ಜೆಯದು, ಪೂರ್ತಿ ತಾಮ್ರದ್ದು ಇರಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲು ಬೇಗ ಮುರಿಯುತ್ತದೆ, ಸಂಪರ್ಕ ಸಡಿಲಾಗುತ್ತದೆ. ತಾಮ್ರದ ಕೇಬಲಿನ ಉದ್ದ 100 ಮೀಟರನ್ನು ಮೀರಬಾರದು. ಯಾವ ಮನೆಗೂ ಅಷ್ಟು ಬೇಕಾಗುವುದಿಲ್ಲ. ವಿದ್ಯುತ್ ತಂತಿಯ ಪೈಪಿನೊಳಗೆ ಇದನ್ನು ಹಾಕಕೂಡದು. ಗೋಡೆಯ ಹೊರಗಿನಿಂದ ಎಳೆಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಕೇಬಲು ಬಳಸಿ, ಇಲಿ ಮತ್ತು ಮಂಗಗಳ ಕಾಟವಿದ್ದಲ್ಲಿ ಪಿವಿಸಿ ಪೈಪಿನೊಳಗೆ ಸೇರಿಸಬೇಕು. ಒಳಗೆ ತರುವ ಮೊದಲು ಕೇಬಲನ್ನು ಸ್ವಲ್ಪ ಕೆಳಗೆ ಬಾಗಿಸಿ ನಂತರ ಮೇಲಕ್ಕೆ ತಂದರೆ ಮಳೆನೀರು ಬಾಗಿದಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಯೊಳಗೆ ಇಳಿಯುವುದಿಲ್ಲ.

ಹಳೆಯ ರೌಟರನ್ನು ಬಳಸುವಾಗ ಅದನ್ನು 'ಆಕ್ಸೆಸ್ ಪಾಯಿಂಟ್' ರೀತಿಗೆ ಬದಲಿಸಬೇಕು. ಉಪಕರಣಗಳಿಗೆ ವಿಳಾಸ ಹಂಚುವ ಕೆಲಸವನ್ನು ಕೆಳಗಿನ ಮುಖ್ಯ ರೌಟರ್ ಒಂದೇ ಮಾಡಬೇಕು. ಇಬ್ಬರು ಹಂಚಿದರೆ ಗೊಂದಲವಾಗಿ ಸಂಪರ್ಕ ಕಡಿಯುತ್ತದೆ. ಎಲ್ಲ ಅಂತಸ್ತುಗಳಿಗೂ ಒಂದೇ ಹೆಸರು, ಒಂದೇ ಗುಪ್ತಪದ ಕೊಟ್ಟರೆ ಮೊಬೈಲು ಅಂತಸ್ತಿನಿಂದ ಅಂತಸ್ತಿಗೆ ಹೋದಾಗ ತಾನೇ ಹತ್ತಿರದ ಮೂಲಕ್ಕೆ ಹೊಂದಿಕೊಳ್ಳುತ್ತದೆ. ಬ್ಯಾಂಕಿನ ವ್ಯವಹಾರವೂ ಇದೇ ವೈಫೈಯಲ್ಲಿ ನಡೆಯುವುದರಿಂದ ಗುಪ್ತಪದ ಉದ್ದವಾಗಿರಲಿ, ಮನೆತನದ ಹೆಸರಾಗಲಿ ಮೊಬೈಲ್ ಸಂಖ್ಯೆಯಾಗಲಿ ಬೇಡ.

ತಂತಿ ಎಳೆಯಲಾಗದ ಮನೆ

ಕೆಲವು ಮನೆಗಳಲ್ಲಿ ತಂತಿ ಎಳೆಯುವುದು ಕಷ್ಟ. ಅಲ್ಲಿ 'ಮೆಶ್' ಎಂಬ ವ್ಯವಸ್ಥೆಯನ್ನು ಬಳಸಬಹುದು. ಎರಡು ಮೂರು ಪೆಟ್ಟಿಗೆಗಳು ಅಲೆಯ ಮೂಲಕವೇ ಒಂದರಿಂದ ಒಂದಕ್ಕೆ ಸುದ್ದಿ ದಾಟಿಸಿ ಮನೆಯನ್ನು ತುಂಬುತ್ತವೆ. ಬೆಲೆ ಹೆಚ್ಚು, ಜೋಡಣೆ ಸುಲಭ. 'ರಿಪೀಟರ್' ಎಂಬುದು ಇದಕ್ಕಿಂತ ಅಗ್ಗದ ಸಾಧನ. ಅದು ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇವೆರಡರಲ್ಲಿಯೂ ಆಗುವ ದೊಡ್ಡ ತಪ್ಪು ಒಂದೇ: ವೈಫೈ ಇಲ್ಲದ ಕೋಣೆಯಲ್ಲಿಯೇ ಪೆಟ್ಟಿಗೆ ಇಡುವುದು. ನೀರಿಲ್ಲದ ಬಾವಿಗೆ ಪಂಪು ಇಳಿಸಿದಂತೆ ಇದು. ತನಗೇ ಬಾರದ ಅಲೆಯನ್ನು ಅದು ಮುಂದೆ ಹೇಗೆ ಕೊಟ್ಟೀತು? ರೌಟರಿಗೂ ಆ ಕೋಣೆಗೂ ನಡುವೆ, ಬಲ -60ರ ಸುಮಾರಿಗೆ ಇರುವಲ್ಲಿ ಇಡಬೇಕು. ಅಂತಸ್ತಿನ ಮನೆಯಲ್ಲಿ ಆ ಜಾಗ ಹೆಚ್ಚಾಗಿ ಮೆಟ್ಟಿಲಿನ ತಿರುವಿನಲ್ಲಿ ಸಿಗುತ್ತದೆ. ಮೊದಲು ಬರೆದ ನಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂಲಗಳ ನಡುವಿನ ಪೈಪೋಟಿ

ಸಾಲಿನಿಂದ ಸಾಲಿಗೆ ತಕ್ಕ ಅಂತರವಿಲ್ಲದಿದ್ದರೆ ಗಿಡಗಳು ಒಂದಕ್ಕೊಂದು ಪೈಪೋಟಿ ಮಾಡಿ ಸೊರಗುವಂತೆ, ಹತ್ತಿರದ ವೈಫೈ ಮೂಲಗಳು ಒಂದೇ ಚಾನಲಿನಲ್ಲಿದ್ದರೆ ಸರದಿ ಕಾಯುತ್ತ ನಿಧಾನವಾಗುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 13 ಚಾನಲುಗಳಿದ್ದರೂ ಪಕ್ಕಪಕ್ಕದವು ಒಂದರ ಮೇಲೊಂದು ಹಾಯುತ್ತವೆ. ಒಂದಕ್ಕೊಂದು ತಗಲದವು 1, 6 ಮತ್ತು 11 ಮಾತ್ರ. ನೆಲ ಅಂತಸ್ತಿಗೆ 1, ಮೊದಲನೆಯದಕ್ಕೆ 6, ಎರಡನೆಯದಕ್ಕೆ 11 ಎಂದು ಹಂಚಬಹುದು. ನೆರೆಮನೆಯವರು 1ರಲ್ಲಿದ್ದರೆ ಅವರಿಗೆ ಹತ್ತಿರದ ಅಂತಸ್ತಿಗೆ ಬೇರೆಯದನ್ನು ಕೊಡಬೇಕು. ಮೆಶ್ ಪೆಟ್ಟಿಗೆಗಳು ಚಾನಲನ್ನು ತಾವೇ ಆರಿಸಿಕೊಳ್ಳುತ್ತವೆ.

ಅವಶ್ಯಕತೆಗಿಂತ ಹೆಚ್ಚು ಪೆಟ್ಟಿಗೆ ಇಡುವುದೂ ಒಳ್ಳೆಯದಲ್ಲ. ಸಾಧಾರಣ ಅಗಲದ ಮನೆಗೆ ಅಂತಸ್ತಿಗೊಂದು ಸಾಕು.

ಹಳೆಯ ಮಾಳಿಗೆ ಮನೆಯ ಭಾಗ

ಹಿಂಭಾಗದ ಮಣ್ಣಿನ ಮನೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಾಳಿಗೆಯ ಮಣ್ಣಿನಲ್ಲಿ ಯಾವ ಕಾರಣಕ್ಕೂ ರಂಧ್ರ ಕೊರೆಯಬಾರದು. ಮುಂಗಾರಿನಲ್ಲಿ ಅಲ್ಲಿಂದಲೇ ಸೋರಿಕೆ ಆರಂಭವಾಗಿ ಜಂತಿ ಕೊಳೆಯುತ್ತದೆ. ಕೇಬಲನ್ನು ಬಾಗಿಲ ಚೌಕಟ್ಟಿನ ಮೇಲಿನಿಂದ ಅಥವಾ ಈಗಾಗಲೇ ಇರುವ ಕಿಂಡಿಯಿಂದ ತರಬೇಕು. ದಪ್ಪ ಗೋಡೆಗಳ ನಡುವೆ ಮೊಬೈಲ್ ಗೋಪುರದ ಅಲೆಯೂ ಸರಿಯಾಗಿ ಬಾರದಿರುವುದರಿಂದ, ಹಿರಿಯರು ಅಲ್ಲಿ ಮಲಗುವ ಮನೆಗಳಲ್ಲಿ ಒಂದು ಮೂಲವನ್ನು ಅಲ್ಲಿಗೆ ಕೊಡುವುದು ಅವಶ್ಯ. ಅನೇಕ ಮೊಬೈಲುಗಳಲ್ಲಿ ವೈಫೈ ಮೂಲಕವೇ ಕರೆ ಮಾಡುವ ಅನುಕೂಲವಿದೆ. ಅದನ್ನು ಒಮ್ಮೆ ತೆರೆದಿಟ್ಟರೆ ಮುದುಕರು ಮಾತನಾಡಲು ಅಂಗಳಕ್ಕೆ ಬರಬೇಕಾಗಿಲ್ಲ.

ಸಿಡಿಲು ಮತ್ತು ವಿದ್ಯುತ್ತು

ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಈ ಭಾಗದಲ್ಲಿ ಗುಡುಗು ಸಿಡಿಲಿನೊಡನೆ ಬರುತ್ತದೆ. ಹತ್ತಿರ ಸಿಡಿಲು ಬಿದ್ದಾಗ ತಾಮ್ರದ ಉದ್ದ ತಂತಿಯಲ್ಲಿ ವಿದ್ಯುತ್ತು ಹುಟ್ಟಿ ಉಪಕರಣಗಳನ್ನು ಸುಡುತ್ತದೆ. ಆದುದರಿಂದ ಮನೆಯಿಂದ ಬೇರೆಯಾಗಿರುವ ಕೊಟ್ಟಿಗೆಗೋ ಗೋದಾಮಿಗೋ ತಾಮ್ರದ ಕೇಬಲು ಎಳೆಯದೆ ಫೈಬರ್ ಎಳೆಯುವುದು ಕ್ಷೇಮ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಫೈಬರಿನ ಜೊತೆ ಆಧಾರಕ್ಕೆಂದು ಉಕ್ಕಿನ ತಂತಿಯಿದ್ದರೆ ಅದನ್ನು ಒಳಗೆ ತರಬಾರದು. ಫೈಬರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬಾರದು, ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಗುಡುಗು ಕೇಳುವ ಮೊದಲೇ ಪ್ಲಗ್ಗು ಕಿತ್ತಿಡಬೇಕು. ಸಿಡಿಲಿನ ಮುನ್ಸೂಚನೆಗೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ.

ಕರೆಂಟು ಹೋದಾಗ ರೌಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ ಬ್ಯಾಟರಿ ಬೇಕು. ಹೆಚ್ಚಿನವು 12 ವೋಲ್ಟಿನವು. ಅವುಗಳಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಸಾಕಾಗುತ್ತದೆ. ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲೆ ಬರೆದ ವೋಲ್ಟು ಮತ್ತು ಆಂಪಿಯರ್ ಹೊಂದುತ್ತವೆಯೇ ಎಂದು ನೋಡಬೇಕು. ಮೇಲಂತಸ್ತಿನ ಮೂಲಗಳಿಗೂ ಬ್ಯಾಟರಿ ಕೊಡದಿದ್ದರೆ ಕತ್ತಲಾದಾಗ ಆ ಅಂತಸ್ತು ಮತ್ತೆ ಬರಿದಾಗುತ್ತದೆ.

ಹೊಸ ಮನೆ ಕಟ್ಟುವವರಿಗೆ

ಮೇಲಿನ ಖರ್ಚು ಶ್ರಮಗಳಲ್ಲಿ ಬಹುಪಾಲನ್ನು ಒಂದೇ ಕ್ರಮದಿಂದ ತಪ್ಪಿಸಬಹುದು. ಸ್ಲ್ಯಾಬು ಹಾಕುವ ಮುನ್ನ, ಕೇಬಲು ಒಳಬರುವ ಜಾಗದಿಂದ ಪ್ರತಿ ಅಂತಸ್ತಿನ ನಡುಭಾಗಕ್ಕೆ ಒಂದು ಇಂಚಿನ ಖಾಲಿ ಪಿವಿಸಿ ಪೈಪನ್ನು ಕೂಡ್ರಿಸಿ, ಒಳಗೆ ಒಂದು ನೈಲಾನ್ ದಾರ ಬಿಡಬೇಕು. ತಿರುವುಗಳು ದುಂಡಾಗಿರಲಿ. ಮುಂದೆ ಯಾವ ಕೇಬಲು ಬಂದರೂ ದಾರಕ್ಕೆ ಕಟ್ಟಿ ಎಳೆದರಾಯಿತು. ಪ್ರತಿ ಪೈಪಿನ ತುದಿಯ ಬಳಿ ಒಂದು ಪ್ಲಗ್ ಪಾಯಿಂಟ್ ಇಡಬೇಕು. ಕಟ್ಟುವಾಗ ಇದಕ್ಕೆ ಬೇಕಾಗುವುದು ಕೆಲವು ಅಡಿ ಪೈಪು ಮತ್ತು ಗವಂಡಿಯ ಅರ್ಧ ದಿನದ ಕೆಲಸ. ಗಿಲಾವು ಮುಗಿದ ಮೇಲೆ ಗೋಡೆ ಒಡೆದು ಮಾಡುವುದು ಎಷ್ಟೋ ಪಟ್ಟು ದುಬಾರಿ.

ಸಾರಾಂಶ

1. ರೌಟರಿನ ಪಕ್ಕದಲ್ಲಿ ವೇಗ ನೋಡಿ ದೋಷ ಹೊರಗಿನದೋ ಮನೆಯೊಳಗಿನದೋ ನಿರ್ಧರಿಸಬೇಕು.
2. ಪ್ರತಿ ಕೋಣೆಯಲ್ಲಿ ಅಲೆಯ ಬಲ ಅಳೆದು ನಕ್ಷೆ ಮಾಡಬೇಕು, -67 ಗುರಿಯಾಗಿರಲಿ.
3. ರೌಟರನ್ನು ಮನೆಯ ನಡುವೆ, ಮೆಟ್ಟಿಲಿನ ಬಳಿ, ಎತ್ತರದಲ್ಲಿ ಇಟ್ಟು ಮತ್ತೆ ಅಳೆಯಬೇಕು.
4. ಸಾಲದಿದ್ದರೆ ಅಂತಸ್ತಿಗೊಂದು ಮೂಲವನ್ನು ತಾಮ್ರದ ಕ್ಯಾಟ್ 6 ತಂತಿಯಿಂದ ಕೊಡಬೇಕು. ತಂತಿ ಸಾಧ್ಯವಿಲ್ಲದಲ್ಲಿ ಮಾತ್ರ ಮೆಶ್.
5. ಸಿಡಿಲು, ತೇವ, ಇಲಿಗಳಿಂದ ರಕ್ಷಣೆ ಮತ್ತು ಬ್ಯಾಟರಿ ವ್ಯವಸ್ಥೆ ಮಾಡಬೇಕು.

ವಿಸ್ತರಣಾ ಕಾರ್ಯಕರ್ತರು ಊರಿನ ಒಂದು ಮನೆಯಲ್ಲಿ ಹತ್ತಾರು ರೈತರ ಎದುರಿಗೆ ಈ ಅಳತೆಯನ್ನು ಮಾಡಿ ತೋರಿಸಿದರೆ ಉಳಿದವರು ತಾವೇ ಮಾಡಿಕೊಳ್ಳಬಲ್ಲರು. ಒಂದು ಹಾಳೆ, ಒಂದು ಮೊಬೈಲು, ಒಂದು ಗಂಟೆಯ ಸಮಯ ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಮನೆಯ ಎಲ್ಲರೂ ಸೇರಿ ಹಣ ತೆರುವ ಸಂಪರ್ಕ ಪಡಸಾಲೆಯವರಿಗಷ್ಟೇ ಮೀಸಲಾಗದೆ, ಮೇಲಿನ ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗಳಿಗೂ ಹಿಂದಿನ ಮನೆಯ ಅಜ್ಜಿಗೂ ಸಮನಾಗಿ ಮುಟ್ಟುವಂತೆ ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸಬೇಕು.